ಜಾರ್ಜ್ ಗ್ರೋಟ್: ಲೇವಾದೇವಿಯ ಮನೆಯೂ ಗ್ರೀಸಿನ ಚರಿತ್ರೆಯೂ

ಹನ್ನೆರಡು ಸಂಪುಟಗಳ ಗ್ರೀಸ್ ದೇಶದ ಚರಿತ್ರೆಯನ್ನು (1846–56) ಬರೆದ ಜಾರ್ಜ್ ಗ್ರೋಟನು ಪ್ರಾಧ್ಯಾಪಕನಲ್ಲ. ವಿಶ್ವವಿದ್ಯಾನಿಲಯದಲ್ಲಿ ಓದಿದವನೂ ಅಲ್ಲ. ಲಂಡನ್ನಿನ ಥ್ರೆಡ್‌ನೀಡಲ್ ಬೀದಿಯಲ್ಲಿದ್ದ ಮನೆತನದ ಬ್ಯಾಂಕಿನಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ದುಡಿದವನು. ಈ ಸಂಗತಿಯನ್ನು ಸಾಮಾನ್ಯವಾಗಿ ಒಂದು ಅಡ್ಡಿಯ ಕಥೆಯಾಗಿ ಹೇಳುವುದು ವಾಡಿಕೆ: ಬ್ಯಾಂಕು ಆತನ ಕಾಲವನ್ನು ನುಂಗಿತು, ಅದರಿಂದ ಬಿಡುಗಡೆಯಾದ ಬಳಿಕವೇ ಗ್ರಂಥವು ಹುಟ್ಟಿತು, ಎಂದು. ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಇಷ್ಟನ್ನೇ ನಂಬಿದವರಿಗೆ ಆ ಚರಿತ್ರೆಯ ಒಂದು ಮುಖ್ಯ ಗುಣವು ಕಾಣದೆ ಹೋಗುವುದೆಂದು ನನ್ನ ಅಭಿಪ್ರಾಯ.

ಗ್ರೋಟನ ತಾತ ಆಂಡ್ರಿಯಾಸನು ಜರ್ಮನಿಯ ಬ್ರೆಮೆನ್ ನಗರದಿಂದ ಬಂದು, 1766ರಲ್ಲಿ ಜಾರ್ಜ್ ಪ್ರೆಸ್ಕಟ್ ಎಂಬವನೊಡನೆ ಪಾಲುದಾರನಾಗಿ ಬ್ಯಾಂಕನ್ನು ತೆರೆದನು. 1794ರಲ್ಲಿ ಹುಟ್ಟಿದ ಮೊಮ್ಮಗನು ಚಾರ್ಟರ್‌ಹೌಸ್ ಶಾಲೆಯಲ್ಲಿ ಗ್ರೀಕ್ ಲ್ಯಾಟಿನ್‌ಗಳ ರುಚಿಯನ್ನು ಕಂಡನು. ಆದರೆ ತಂದೆಗೆ ಪಾಂಡಿತ್ಯದಲ್ಲಿ ಆದರವಿರಲಿಲ್ಲ. 1810ರಲ್ಲಿ, ಹದಿನಾರರ ಹರೆಯದಲ್ಲಿ, ಹುಡುಗನು ಖಿರ್ದಿ ಖಾತೆಗಳ ಮುಂದೆ ಕುಳಿತನು. 1830ರಲ್ಲಿ ತಂದೆ ತೀರಿಕೊಂಡನು. 1832ರಿಂದ 1841ರ ವರೆಗೆ ಗ್ರೋಟನು ಪಾರ್ಲಿಮೆಂಟಿನ ಸದಸ್ಯನಾಗಿದ್ದು ಗುಪ್ತಮತದಾನಕ್ಕಾಗಿ ಮತ್ತೆ ಮತ್ತೆ ವಾದಿಸಿದನು. ಅದು ಶಾಸನವಾದದ್ದು 1872ರಲ್ಲಿ, ಆತನು ಗತಿಸಿದ ಮರುವರ್ಷ. 1843ರಲ್ಲಿ ಬ್ಯಾಂಕಿನಿಂದ ನಿವೃತ್ತನಾದನು.

ಅಡ್ಡಿಯ ಕಥೆಗೆ ಮುಖ್ಯ ಆಧಾರ ಆತನ ಪತ್ನಿ ಹ್ಯಾರಿಯಟ್ 1873ರಲ್ಲಿ ಪ್ರಕಟಿಸಿದ ಜೀವನಚರಿತ್ರೆ. ಅದು ಚೈತನ್ಯವುಳ್ಳ ಪುಸ್ತಕ. ಅದಿಲ್ಲದಿದ್ದರೆ ಗ್ರೋಟನ ಯೌವನದ ವಿಷಯ ನಮಗೆ ತಿಳಿಯುತ್ತಿದ್ದುದು ಅತ್ಯಲ್ಪ. ಆದರೆ ಲೇಖಕಿಯು ಕಥೆಯಲ್ಲಿ ತಾನೂ ಒಂದು ಪಾತ್ರವೆಂಬುದನ್ನು ಓದುಗನು ಮರೆಯಬಾರದು. ತನ್ನನ್ನು ಅನ್ಯಳಂತೆ ‘ಶ್ರೀಮತಿ ಗ್ರೋಟ್’ ಎಂದೇ ಕರೆದುಕೊಳ್ಳುವ ಆಕೆ, ಗ್ರೀಸಿನ ಚರಿತ್ರೆಯನ್ನು ಬರೆಯಬೇಕೆಂದು 1823ರಲ್ಲಿ ಪತಿಗೆ ಸೂಚಿಸಿದವಳು ಶ್ರೀಮತಿ ಗ್ರೋಟಳೇ ಎಂದು ದಾಖಲಿಸುತ್ತಾಳೆ! ಹೀಗೆ ಒಂದು ಕಡೆ ವಿದ್ಯೆ, ದಾಂಪತ್ಯ, ಗ್ರಂಥ. ಇನ್ನೊಂದು ಕಡೆ ತಂದೆ, ಬ್ಯಾಂಕು, ಬೇಸರ. ಕಾವ್ಯಕ್ಕೆ ಒಪ್ಪುವ ಈ ವಿಭಾಗವನ್ನು ಚರಿತ್ರೆಯಲ್ಲಿ ಪರೀಕ್ಷಿಸದೆ ಅಂಗೀಕರಿಸಲಾಗದು.

ಅದೇ ವರ್ಷ ಪ್ರಕಟವಾದ ಜಾನ್ ಸ್ಟುವರ್ಟ್ ಮಿಲ್ಲನ ಆತ್ಮಕಥೆಯಲ್ಲಿ ಬೇರೊಂದು ಚಿತ್ರವಿದೆ. ಸ್ವತಃ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿದ್ದ ಮಿಲ್ಲನೂ ಗೆಳೆಯರೂ ವಾರಕ್ಕೆ ಎರಡು ದಿನ, ಬೆಳಗ್ಗೆ ಎಂಟೂವರೆಯಿಂದ ಹತ್ತರ ವರೆಗೆ, ಕಚೇರಿಗೆ ಹೋಗುವುದಕ್ಕೆ ಮುಂಚೆ, ಅರ್ಥಶಾಸ್ತ್ರ ತರ್ಕಶಾಸ್ತ್ರಗಳನ್ನು ಚರ್ಚಿಸುತ್ತ ಓದುತ್ತಿದ್ದುದು ಥ್ರೆಡ್‌ನೀಡಲ್ ಬೀದಿಯ ಗ್ರೋಟನ ಮನೆಯಲ್ಲಿಯೇ. ಬ್ಯಾಂಕಿನ ಪಾಲುದಾರ ಪ್ರೆಸ್ಕಟ್ಟನೂ ಆ ಗೋಷ್ಠಿಯ ಸದಸ್ಯ. ಅಂದಮೇಲೆ ಲೇವಾದೇವಿಯ ಬೀದಿಯು ವಿದ್ಯೆಗೆ ಆಶ್ರಯವನ್ನೂ ಕೊಟ್ಟಿತ್ತು.

ಇವು ಹೊರಗಿನ ಸಾಕ್ಷ್ಯಗಳು. ಗ್ರಂಥದೊಳಗಿನ ಸಾಕ್ಷ್ಯ ಇನ್ನೂ ಬಲವಾದುದು. ಅದಕ್ಕಾಗಿ ಮೂರನೆಯ ಸಂಪುಟದಲ್ಲಿ ಸೋಲೋನನನ್ನು ಕುರಿತ ಅಧ್ಯಾಯವನ್ನು ನೋಡಬೇಕು. ಕ್ರಿ. ಪೂ. 594ರ ಸುಮಾರಿನಲ್ಲಿ ಸೋಲೋನನು ಅಥೆನ್ಸಿನ ಬಡವರ ಸಾಲವನ್ನು ತೊಡೆದುಹಾಕಿದನು. ಸಾಲ ಕೊಡುವುದನ್ನೇ ವೃತ್ತಿಯಾಗಿ ಉಳ್ಳವನು ಇಂಥ ಕಾರ್ಯವನ್ನು ಖಂಡಿಸುವನೆಂದು ನಾವು ನಿರೀಕ್ಷಿಸುತ್ತೇವೆ. ಗ್ರೋಟನು ಸಮರ್ಥಿಸುತ್ತಾನೆ, ಆ ಸಮರ್ಥನೆಯು ಕನಿಕರದ ಮಾತಲ್ಲ, ಸಾಲದ ಸ್ವರೂಪವನ್ನು ಬಲ್ಲವನ ವಿವೇಚನೆ. ವ್ಯಾಪಾರಕ್ಕಾಗಿ ತೆಗೆದ ಸಾಲದಲ್ಲಿ ಕೊಟ್ಟವನಿಗೂ ಕೊಂಡವನಿಗೂ ಲಾಭವುಂಟು. ಪ್ರಾಚೀನ ಸಮಾಜದಲ್ಲಿಯಾದರೋ ಸಾಲಗಾರನು ಹಸಿವಿನಿಂದ ಬಂದವನು; ತನ್ನ ದೇಹವನ್ನೇ ಒತ್ತೆಯಿಟ್ಟವನು. ಕೊಡುವವನ ಕಣ್ಣು ಅಸಲು ಬಡ್ಡಿಗಳ ಮೇಲಿರಲಿಲ್ಲ, ಜೀತಕ್ಕೆ ಸಿಕ್ಕುವ ಆಳಿನ ಮೇಲಿತ್ತು. ಬಡ್ಡಿಯನ್ನು ಪ್ಲೇಟೋ ಅರಿಸ್ಟಾಟಲರು ದ್ವೇಷಿಸಿದ್ದು ಈ ಹಳೆಯ ಕಾಲದ ಭಾವನೆಯ ಉಳಿಕೆಯೆಂದು ಆತನ ಮತ.

ಅಲ್ಲಿಂದ ಮುಂದಿನ ಹೆಜ್ಜೆಯಲ್ಲಿ ಬ್ಯಾಂಕಿನವನ ಕೈ ಸ್ಪಷ್ಟವಾಗಿ ಕಾಣುತ್ತದೆ. ಬಡವರ ಸಾಲ ರದ್ದಾದರೆ ಆ ಹಣವನ್ನು ನಂಬಿ ತಾವೇ ಬೇರೆಯವರಲ್ಲಿ ಸಾಲ ಮಾಡಿದ್ದ ಭೂಮಾಲಿಕರ ಗತಿಯೇನು? ಸೋಲೋನನು ನಾಣ್ಯದ ತೂಕವನ್ನು ಇಳಿಸಿ, ಹಿಂದಿನ 73 ದ್ರಾಖ್ಮಗಳಿಂದ 100ನ್ನು ಮಾಡಿದನೆಂಬ ಪ್ಲೂಟಾರ್ಕನ ಹೇಳಿಕೆಗೆ ಗ್ರೋಟನು ಇಲ್ಲಿ ಉಪಯೋಗವನ್ನು ಕಾಣುತ್ತಾನೆ: ಅದು ಆ ಮಧ್ಯಸ್ಥರಿಗೆ ಒದಗಿಸಿದ ಪರಿಹಾರ. ಸಾಲವು ಇಬ್ಬರ ನಡುವಿನ ಗಂಟಲ್ಲ, ಸರಪಣಿಯೆಂಬ ಈ ತಿಳಿವು ಗ್ರಂಥಾಲಯದಲ್ಲಿ ಸುಲಭವಾಗಿ ಬರುವುದಲ್ಲ. 1825ರ ಡಿಸೆಂಬರಿನ ಮುಗ್ಗಟ್ಟಿನಲ್ಲಿ ಇಂಗ್ಲೆಂಡಿನ ಅನೇಕ ಬ್ಯಾಂಕುಗಳು ಒಂದರ ಹಿಂದೊಂದು ದಿವಾಳಿಯಾದಾಗ ಗ್ರೋಟನು ಅದೇ ವೃತ್ತಿಯಲ್ಲಿದ್ದನೆಂಬುದನ್ನು ನೆನೆಯಬೇಕು.

ಹಾಗೆಂದು ವೃತ್ತಿಯ ಅನುಭವವು ಎಲ್ಲೆಡೆಯೂ ಸರಿದಾರಿಯನ್ನೇ ತೋರಿತೆನ್ನಲಾಗದು. ಅಥೆನ್ಸಿನಲ್ಲಿ ನಾಣ್ಯವು ಹುಟ್ಟಿದ್ದು ಸೋಲೋನನ ತರುವಾಯವೆಂದು ಇಂದಿನ ನಾಣ್ಯಶಾಸ್ತ್ರಜ್ಞರು ನಿರ್ಧರಿಸಿದ್ದಾರೆ. ಆದ್ದರಿಂದ ಆ ಭಾಗವು ನಿಲ್ಲುವುದಿಲ್ಲ. ಸೋಲೋನನು ಹೊಲಗಳಿಂದ ಕಿತ್ತೆಸೆದ ಕಲ್ಲುಗಳು ಅಡಮಾನದ ಗುರುತುಗಳೆಂಬ ಊಹೆಯೂ ಸಂದೇಹಾಸ್ಪದ. ಲಿಪಿಯುಳ್ಳ ಅಂಥ ಕಲ್ಲುಗಳು ದೊರೆತಿರುವುದು ಎರಡು ಶತಮಾನಗಳ ಅನಂತರದ ಕಾಲಕ್ಕೆ ಸೇರಿದವು. ಲಂಡನ್ನಿನ ದಸ್ತೈವಜುಗಳನ್ನು ಬಲ್ಲ ಕಣ್ಣು ಅಟ್ಟಿಕದ ಹೊಲದಲ್ಲಿಯೂ ದಸ್ತೈವಜನ್ನೇ ಕಂಡಿತು.

ಮೊಮಿಗ್ಲಿಯಾನೊ ಪಂಡಿತನು 1952ರಲ್ಲಿ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸದಿಂದ ಗ್ರೋಟನ ಅಧ್ಯಯನವು ಮತ್ತೆ ಚಿಗುರಿತು. ಈಗ ಅಧ್ಯಾಪಕರು ಕ್ಲಿಯೋನನ ಮತ್ತು ಸೋಫಿಸ್ಟರ ಪರವಾಗಿ ಆತನು ಹೂಡಿದ ವಾದಗಳನ್ನೇ ವಿದ್ಯಾರ್ಥಿಗಳ ಮುಂದಿಡುವುದುಂಟು. ಅವು ಪ್ರಸಿದ್ಧವಾದುವು, ಹೆಚ್ಚು ಹೇಳಬೇಕಾಗಿಲ್ಲ. ಆದರೆ ಸೋಲೋನನ ಅಧ್ಯಾಯದಲ್ಲಿ ಬರುವ ಒಂದು ಮಾತನ್ನು ಅವುಗಳೊಡನೆ ಇಟ್ಟು ಓದಬೇಕು. ಅಥೆನ್ಸಿನ ನ್ಯಾಯಾಧಿಕಾರಿಗಳು ತೆಗೆದುಕೊಳ್ಳುತ್ತಿದ್ದ ಪ್ರಮಾಣದಲ್ಲಿ, ಖಾಸಗಿ ಸಾಲಗಳನ್ನು ರದ್ದುಮಾಡುವುದಕ್ಕೆ ಸಮ್ಮತಿಸೆವು ಎಂಬ ಅಂಶವಿತ್ತು. ಪ್ರಜಾಪ್ರಭುತ್ವವೆಂದರೆ ಸಾಲ ಮುಳುಗಿಸುವವರ ಆಳಿಕೆ ಎಂದು ಹೆದರಿದ್ದ ತನ್ನ ಕಾಲದ ಧನಿಕರಿಗೆ, ಅವರ ಬೀದಿಯವನೇ ಆದ ಗ್ರೋಟನು, ಆ ಪ್ರಮಾಣವನ್ನು ಎತ್ತಿ ತೋರಿಸುತ್ತಾನೆ.