ಹಿಂದಿನ ಗಾಲಿಗೆ ಒಂದೊಂದು ತೋಳು

ಅಫಜಲಪುರ ತಾಲ್ಲೂಕಿನ ಅತನೂರಿನಂಥ ಊರುಗಳಲ್ಲಿ ಕಾಲಿನ ಬಲ ಕಳೆದುಕೊಂಡವರು ಸಂತೆಗೆ, ಬ್ಯಾಂಕಿಗೆ, ದುಡಿಮೆಗೆ ಹೋಗುವುದು ಸ್ಕೂಟರಿನ ಹಿಂಗಾಲಿಯ ಎರಡೂ ಬದಿಗೆ ಸಣ್ಣ ಗಾಲಿ ಕಟ್ಟಿಸಿದ ಗಾಡಿಯ ಮೇಲೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಇದನ್ನೇ ಯಂತ್ರಚಾಲಿತ ದ್ವಿಚಕ್ರ ವಾಹನವೆಂದು ಹಂಚುತ್ತ ಬಂದಿದೆ. ಇಲಾಖೆಯ ಪಟ್ಟಿಯಲ್ಲಿ ಹೆಸರು ಬಾರದವರು ಗ್ಯಾರೇಜಿನಲ್ಲೋ ಮನೆಯಂಗಳದಲ್ಲೋ ಮಾಡಿಸಿಕೊಳ್ಳುತ್ತಾರೆ. ಸ್ಕೂಟರಿಗೋ ಮೋಟರ್‌ಸೈಕಲ್ಲಿಗೋ ಹೆಚ್ಚಿನ ಗಾಲಿ ಕಟ್ಟುವ ಈ ರೂಢಿಯನ್ನು ಮೆಚ್ಚಿಕೊಳ್ಳುವುದು ಸುಲಭ, ಮೆಚ್ಚಲೂಬೇಕು. ಆದರೆ ಅದರ ಹಿಂಭಾಗವನ್ನು ಯಾರೂ ಗಟ್ಟಿಯಾಗಿ ಪರೀಕ್ಷಿಸಿ ಮಾತಾಡಿಲ್ಲವೆಂಬುದು ನನ್ನ ತಕರಾರು. ಗಾಡಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ತೀರ್ಮಾನವಾಗುವುದು ಬಣ್ಣದಿಂದಲ್ಲ, ಇಂಜಿನ್ನಿನಿಂದಲೂ ಅಲ್ಲ. ಹಿಂದಿನ ಗಾಲಿಗಳು ಚೇಸಿಗೆ ಹೇಗೆ ಕೂಡಿಕೊಂಡಿವೆ ಎಂಬುದರಿಂದ.

ಮೊದಲು ರಸ್ತೆಯನ್ನು ನೋಡಬೇಕು. ಈ ಸೀಮೆಯ ಎರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಒಂದು ಬದಿಗೆ ಕುಸಿದು ಇನ್ನೊಂದು ಬದಿಗೆ ಎದ್ದು ನಿಲ್ಲುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದು ಸಾಗುವ ಟ್ರ್ಯಾಕ್ಟರುಗಳು ಅದೇ ರಸ್ತೆಯಲ್ಲಿ ಕೊರಕಲು ಮಾಡುತ್ತವೆ. ಎರಡು ಗಾಲಿಯವರು ತಗ್ಗು ತಪ್ಪಿಸಿ ಒಂದೇ ಗೆರೆ ಹಿಡಿದು ಹೊರಟುಬಿಡಬಹುದು. ಮೂರು ಗೆರೆ ಬೇಕಾದವರಿಗೆ ಆ ಸೌಲಭ್ಯವಿಲ್ಲ. ಮುಂದಿನ ಗಾಲಿ ತಪ್ಪಿಸಿದ ತಗ್ಗಿಗೆ ಹಿಂದಿನ ಗಾಲಿಗಳಲ್ಲಿ ಒಂದು ಬಿದ್ದೇ ಬೀಳುತ್ತದೆ.

ಬದಿಗಾಲಿಯ ಅಗ್ಗದ ಕಿಟ್ಟು ಸೋಲುವುದು ಇಲ್ಲೇ. ಅದರಲ್ಲಿ ಎರಡೂ ಬದಿಗಾಲಿಗಳು ಒಂದೇ ಅಡ್ಡ ಪೈಪಿಗೆ, ಆ ಪೈಪು ನೇರ ಚೇಸಿಗೆ ಬಿಗಿದುಕೊಂಡಿರುತ್ತದೆ. ಗಾಡಿಯನ್ನು ತಳ್ಳುವುದು ನಡುವಿನ ಗಾಲಿಯೊಂದೇ. ಕೊರಕಲಿನ ಎರಡೂ ದಂಡೆಯ ಮೇಲೆ ಬದಿಗಾಲಿಗಳು ನಿಂತವೆಂದರೆ ನಡುವಿನ ಗಾಲಿ ತನ್ನ ಶಾಕಪ್ ಇಳಿಯುವಷ್ಟು ಇಳಿದು, ಆಮೇಲೆ ನೆಲ ಬಿಟ್ಟು ಸುಮ್ಮನೆ ತಿರುಗುತ್ತದೆ. ರಾಡಿಯಾಗಿದ್ದರಂತೂ ಎಕ್ಸಿಲೇಟರ್ ಹಿಂಡಿದಷ್ಟೂ ಗಾಡಿ ಕೂತಲ್ಲೇ ಕೂರುತ್ತದೆ. ಇಳಿದು ತಳ್ಳಬೇಕಾದ ಹೊತ್ತು ಅದು, ಸವಾರರಿಗೆ ಇಳಿಯಲು ಬರುವುದಿಲ್ಲ. ಇನ್ನೊಂದು ಬಗೆಯ ಪೆಟ್ಟೂ ಇದೆ. ಎರಡು ಬದಿಗಾಲಿಗಳ ನಡುವೆ 1 ಮೀಟರ್ ಅಂತರವಿದ್ದು, ಒಂದು ಗಾಲಿ 10 ಸೆಂಟಿಮೀಟರ್ ತಗ್ಗಿಗೆ ಇಳಿದರೆ ಇಡೀ ಗಾಡಿ ಸುಮಾರು 6 ಡಿಗ್ರಿ ವಾಲುತ್ತದೆ, ಜೊತೆಗೆ ಹ್ಯಾಂಡಲ್ಲೂ ಆ ಕಡೆಗೇ ಎಳೆಯುತ್ತದೆ. ಕಾಲೂರಿ ಸಂಭಾಳಿಸಲಾಗದವರು ಆ ಎಳೆತವನ್ನೆಲ್ಲ ಹೆಗಲಲ್ಲೇ ತಡೆದುಕೊಳ್ಳಬೇಕು. ಯಾರ ಅನುಕೂಲಕ್ಕೆಂದು ಗಾಡಿ ಕಟ್ಟಿದರೋ ಅವರ ಮೈಮೇಲೇ ಅದರ ದೋಷದ ಭಾರ ಬೀಳುವುದನ್ನು ನಾನು ಸಣ್ಣ ಕೊರತೆಯೆಂದು ಬಿಟ್ಟುಬಿಡಲಾರೆ.

ಇದಕ್ಕೆ ಉತ್ತರ ಎಲ್ಲೋ ದೂರದಲ್ಲಿಲ್ಲ. ಊರಿಂದೂರಿಗೆ ಜನ ಸಾಗಿಸುವ ಟಂಟಂನ ಅಡಿಗೆ ಬಗ್ಗಿ ನೋಡಿದರೆ ಸಾಕು. ಬಜಾಜ್ ಆಗಲಿ ಆಪೆ ಆಗಲಿ, ಎರಡು ಹಿಂಗಾಲಿಗಳನ್ನೂ ಚೇಸಿಗೆ ಕೂಡಿಸಲು ಬೇರೆ ಬೇರೆ ತೋಳು, ಬೇರೆ ಬೇರೆ ಸ್ಪ್ರಿಂಗು. ಎರಡು ಗಾಲಿಗೂ ಬಲ ಹಂಚುವ ಡಿಫರೆನ್ಶಿಯಲ್ ಗೇರ್‌ಬಾಕ್ಸಿನ ಜೊತೆಗೇ ನಡುವೆ ಕೂತಿರುತ್ತದೆ, ಅಲ್ಲಿಂದ ಗಾಲಿಗಳಿಗೆ ಅಲುಗಾಡಬಲ್ಲ ಶಾಫ್ಟುಗಳು ಹೋಗಿರುತ್ತವೆ. ಎಡಗಾಲಿ ತಗ್ಗಿಗಿಳಿದರೆ ಬಲಗಾಲಿಗೆ ಅದರ ಗೊಡವೆಯಿಲ್ಲ. ಹೊರದೇಶಗಳಲ್ಲಿ ದೊಡ್ಡ ಮೋಟರ್‌ಸೈಕಲ್ಲನ್ನು ಮೂರು ಗಾಲಿಗೆ ಮಾರ್ಪಡಿಸಿ ಮಾರುವವರು ಇದೇ ವ್ಯವಸ್ಥೆಗೆ ಹೆಚ್ಚಿನ ಬೆಲೆ ಕೇಳುತ್ತಾರೆ. ನಮ್ಮಲ್ಲಿ ಅದು ಮೂಟೆ ಹೊತ್ತು ಓಡಾಡುತ್ತಿದೆ, ಬುಷ್ ಸವೆದರೆ ಬದಲಿಸಬಲ್ಲ ಮೇಸ್ತ್ರಿ ತಾಲ್ಲೂಕು ಪೇಟೆಯಲ್ಲೇ ಸಿಗುತ್ತಾನೆ.

ಹಾಗಾಗಿ ಮನೆಯಲ್ಲೇ ಕಟ್ಟುವವರಿಗೆ ನಾನು ಒಪ್ಪುವ ದಾರಿ ಒಂದೇ: ಮೋಟರ್‌ಸೈಕಲ್ಲಿನ ಹಿಂದಿನ ಗಾಲಿಯನ್ನೇ ತೆಗೆದು, ಅದರ ಜಾಗದಲ್ಲಿ ಡಿಫರೆನ್ಶಿಯಲ್ ಕೂರಿಸಿ, ಎರಡು ಬದಿಗೂ ಸ್ವತಂತ್ರ ತೋಳು ಕೊಡುವುದು. ಇದರಲ್ಲಿ ಒಂದು ಲಾಭ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಮಾಮೂಲಿ ಬೈಕಿನಲ್ಲಿ ಹಿಂಗಾಲಿ ಏಳುತ್ತ ಇಳಿಯುತ್ತ ಚೈನು ಬಿಗಿಯಾಗುತ್ತ ಸಡಿಲಾಗುತ್ತ ಇರುತ್ತದೆ. ಡಿಫರೆನ್ಶಿಯಲ್ ಚೇಸಿಗೇ ಕೂತಿರುವಾಗ ಎರಡು ಸ್ಪ್ರಾಕೆಟ್‌ಗಳ ನಡುವಿನ ಅಂತರ ಬದಲಾಗುವುದೇ ಇಲ್ಲ. ಏರಿಳಿತವನ್ನೆಲ್ಲ ಶಾಫ್ಟಿನ ಕೀಲುಗಳು ನುಂಗಿಕೊಳ್ಳುತ್ತವೆ. ಕಷ್ಟವಿರುವುದು ಅಳತೆಯಲ್ಲಿ. ಎಡ ತೋಳಿನ ಕೀಲು ಬಲ ತೋಳಿನದಕ್ಕೆ ಸರಿಯಾಗಿ ಕೂರದೆ ಗಾಲಿ ತುಸು ಓರೆಯಾದರೂ ಗಾಡಿ ಒಂದು ಬದಿಗೆ ಎಳೆಯುತ್ತದೆ, ಟಯರಿನ ಅಂಚು ಗರಗಸ ಹಿಡಿದಂತೆ ಸವೆಯುತ್ತದೆ. ವೆಲ್ಡಿಂಗ್ ಅಂಗಡಿಯವರ ಕೈ ಎಷ್ಟೇ ಪಳಗಿದ್ದರೂ, ಬೆಂಕಿ ತಾಗಿದ ಪೈಪು ಜಗ್ಗುತ್ತದೆ. ಎರಡು ಬದಿಯನ್ನೂ ಒಟ್ಟಿಗೆ ಹಿಡಿದಿಡುವ ಭದ್ರ ಅಚ್ಚು ಮಾಡಿಕೊಂಡು, ಕರ್ಣ ಅಳೆದು, ಅಲ್ಲಲ್ಲಿ ಟಾಕ ಹಾಕಿ, ಮತ್ತೆ ಅಳೆದು, ಆಮೇಲೆ ಪೂರ್ತಿ ವೆಲ್ಡ್ ಮಾಡುವ ತಾಳ್ಮೆ ಬೇಕು. ನನ್ನ ಲೆಕ್ಕದಲ್ಲಿ ಗಾಡಿ ಕಟ್ಟುವವರ ಕಸುಬು ತೂಗಬೇಕಾದದ್ದು ಇದರಲ್ಲಿ.

ಸ್ವತಂತ್ರ ತೋಳು ಎಂದೊಡನೆ ಎಲ್ಲ ಸರಿಹೋಯಿತೆಂದಲ್ಲ. ಮೂರು ಗಾಲಿಯ ಗಾಡಿ ತಿರುವಿನಲ್ಲಿ ಬೈಕಿನಂತೆ ಒಳಕ್ಕೆ ಬಾಗಲಾರದು, ಹೊರಕ್ಕೆ ವಾಲುತ್ತದೆ. ಮೆತ್ತನೆಯ ಸ್ಪ್ರಿಂಗು ಆ ವಾಲುವಿಕೆಯನ್ನು ಹೆಚ್ಚಿಸುತ್ತದೆ. ಎರಡು ತೋಳುಗಳನ್ನು ತಿರುಚಿಕೊಳ್ಳಬಲ್ಲ ಒಂದು ಸರಳಿನಿಂದ ಜೋಡಿಸಿ ಅದನ್ನು ತಡೆಯಬೇಕು. ಸರಳು ಅತಿ ದಪ್ಪವಾದರೆ ಎರಡು ಗಾಲಿಯೂ ಮತ್ತೆ ಒಂದೇ ಪೈಪಿಗೆ ಕಟ್ಟಿದಂತಾಗುತ್ತದೆ. ಮುಂದೆ ಒಂದೇ ಗಾಲಿ ಇರುವುದರಿಂದ ತಿರುವಿನಲ್ಲೇ ಬ್ರೇಕ್ ಹಿಡಿದರೆ ಭಾರ ಮುಂದಕ್ಕೆ, ಹೊರಕ್ಕೆ ನುಗ್ಗಿ ಮಗುಚುವ ಅಪಾಯವಿದೆ. ಸೀಟು ತಗ್ಗಿರಬೇಕು, ಭಾರ ಹಿಂದಿರಬೇಕು, ಗಾಲಿಗಳ ಅಂತರ ಅಗಲವಿರಬೇಕು. ರಿವರ್ಸ್ ಗೇರಿನ ಮಾತೂ ಇದೆ. ಬೈಕಿಗೆ ಅದಿಲ್ಲ, ಹಿಂದಕ್ಕೆ ತಳ್ಳಲಾಗದವರಿಗೆ ಅದು ಬೇಕೇ ಬೇಕು.

ಮೋಟರ್‌ಸೈಕಲ್ಲಿನಿಂದ ಮೂರು ಗಾಲಿ ಕಟ್ಟಿದ ಹಳೆಯ ಉದಾಹರಣೆಗಳೂ ಇವೆ. ಹಾರ್ಲಿ ಡೇವಿಡ್‌ಸನ್ 1932ರಿಂದ 1973ರವರೆಗೆ ಮೂರು ಗಾಲಿಯ ಸರ್ವಿಕಾರ್ ಮಾಡಿತು. ಗುಜರಾತಿನ ಅಮ್ರೇಲಿ ಜಿಲ್ಲೆಯ ರೈತ ಮನ್ಸುಖಭಾಯಿ ಜಗಾನಿ 1994ರಲ್ಲಿ ಬುಲೆಟ್ಟಿನ ಹಿಂಗಾಲಿ ತೆಗೆದು ಎರಡು ಗಾಲಿ ಜೋಡಿಸಿ ಹೊಲ ಹರಗುವ ಯಂತ್ರ ಮಾಡಿದರು. ಜನರನ್ನೂ ಸರಕನ್ನೂ ಸಾಗಿಸುವ ಸೌರಾಷ್ಟ್ರದ ಮೂರು ಗಾಲಿಯ ಗಾಡಿ ಛಕಡಾವೂ ಬುಲೆಟ್ಟಿನ ಮುಂಭಾಗದ ಮೇಲೇ ಹುಟ್ಟಿದ್ದು. ಇವೆಲ್ಲ ಭಾರಕ್ಕೆ, ಕೆಲಸಕ್ಕೆ ಕಟ್ಟಿದವು. ಕೂತವರ ಬೆನ್ನನ್ನು ಕಾಯುವುದು ಅವುಗಳ ಗುರಿಯಾಗಿರಲಿಲ್ಲ. ಹಾಗಾಗಿ ಮಾದರಿಯೆಂದು ನಾನು ಇವನ್ನು ತೋರಿಸಲಾರೆ.

ಕಾನೂನನ್ನು ಬಿಟ್ಟು ಈ ಮಾತು ಮುಂದುವರಿಯದು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಮಾಡಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸಜೆ, ಅಥವಾ ಎರಡೂ. ಶೋಕಿಗಾಗಿ ಮೂರು ಗಾಲಿ ಕಟ್ಟುವವರ ದಾರಿ ಇಲ್ಲಿಗೆ ಮುಚ್ಚಿದಂತೆಯೇ, ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಅಂಗವಿಕಲರ ಬಳಕೆಗಾಗಿಯೇ ಮಾರ್ಪಡಿಸಿದ ವಾಹನಕ್ಕೆ ಅದೇ ಕಾಯ್ದೆ ಬೇರೆ ಸ್ಥಾನ ಕೊಟ್ಟಿದೆ. ಆ ಬಾಗಿಲು ತೆರೆದಿರುವಾಗ ಅಲ್ಲಿಂದ ಕಳಪೆ ಕಿಟ್ಟೇ ಒಳಬರುತ್ತಿರುವುದು ನನ್ನನ್ನು ಕಾಡುತ್ತದೆ.

ಇಲಾಖೆ ಗಾಡಿ ಕೊಳ್ಳುವಾಗ ಟೆಂಡರಿನಲ್ಲಿ ಎರಡು ಸಾಲು ಸೇರಿಸಬಹುದು. ಪ್ರತಿ ಬದಿಗಾಲಿಗೂ ಸ್ವಂತ ತೋಳು, ಸ್ವಂತ ಶಾಕಪ್ ಇರಬೇಕು. ಸವಾರರ ತೂಕದಷ್ಟು ಭಾರ ಹೇರಿ ಯಾವುದೇ ಒಂದು ಗಾಲಿಯನ್ನು 10 ಸೆಂಟಿಮೀಟರ್ ತಗ್ಗಿಗೆ ಇಳಿಸಿದಾಗ ಉಳಿದವು ನೆಲ ಬಿಡಬಾರದು, ಗಾಡಿ ತನ್ನ ಬಲದಿಂದಲೇ ಮೇಲೇರಬೇಕು. ಪರೀಕ್ಷೆಗೆ ಪ್ರಯೋಗಶಾಲೆ ಬೇಡ. ಅತನೂರಿನ ಸುತ್ತಲ ಯಾವ ರಸ್ತೆಯಾದರೂ ಸಾಕು, ಮಳೆ ನಿಂತ ಮರುದಿನ.