ಕಿಟ್‌ಬುಲ್: ಹೆದರಿದ ಮರಿ, ಕಟ್ಟಿಹಾಕಿದ ನಾಯಿ

ರೋಸಾನಾ ಸಲಿವನ್ ಬರೆದು ನಿರ್ದೇಶಿಸಿದ ‘ಕಿಟ್‌ಬುಲ್’ (2019) ಸುಮಾರು ಒಂಬತ್ತು ನಿಮಿಷದ ಅನಿಮೇಷನ್ ಚಿತ್ರ. ಇದರಲ್ಲಿ ಸಂಭಾಷಣೆಯೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯ ಒಂದು ಹಿತ್ತಲಲ್ಲಿ, ಎಸೆದ ಸಾಮಾನುಗಳ ನಡುವೆ, ರಟ್ಟಿನ ಪೆಟ್ಟಿಗೆಯೊಳಗೆ ಕರಿ ಬೆಕ್ಕಿನ ಮರಿಯೊಂದು ಬದುಕುತ್ತಿದೆ. ಅಲ್ಲಿಗೆ ಪಿಟ್‌ಬುಲ್ ನಾಯಿಯೊಂದನ್ನು ತಂದು ಸರಪಳಿ ಹಾಕಿ ಕಟ್ಟುತ್ತಾರೆ. ಇವೆರಡೂ ಗೆಳೆಯರಾಗುತ್ತವೆ ಎಂದು ನೋಡುವವರಿಗೆ ಆಗಲೇ ಗೊತ್ತಾಗಿಬಿಡುತ್ತದೆ. ಆದರೂ ಕಣ್ಣು ಕೀಳಲಾಗುವುದಿಲ್ಲ. ಆ ಗೆಳೆತನವನ್ನು ಚಿತ್ರ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಬೆಕ್ಕಿನ ಮರಿಯ ಅಂಜಿಕೆಗೆ ಸಲಿವನ್ ಕೊಟ್ಟಿರುವ ಗಮನ ಅಪರೂಪದ್ದು. ಮರಿ ಇಣುಕುತ್ತದೆ, ಬೆನ್ನು ಬಿಲ್ಲಾಗಿಸಿ ಬುಸುಗುಡುತ್ತದೆ, ಓಡಿ ಅವಿತುಕೊಳ್ಳುತ್ತದೆ, ಕುತೂಹಲ ತಡೆಯಲಾರದೆ ಮತ್ತೆ ಇಣುಕುತ್ತದೆ. ಅದರ ಚಿತ್ರವೆಂದರೆ ಹೆಚ್ಚುಕಡಿಮೆ ಒಂದು ಕಪ್ಪು ಮುದ್ದೆ, ಎರಡು ದೊಡ್ಡ ಕಣ್ಣು. ಅಷ್ಟರಲ್ಲೇ ಬೆಕ್ಕಿನ ಸ್ವಭಾವವೆಲ್ಲ ಬಂದಿದೆ. ಬಾಟಲಿಯ ಮುಚ್ಚಳವೊಂದು ಆಟದ ನಡುವೆ ಉರುಳಿ ನಾಯಿಯ ಕಡೆ ಹೋಗುವ ದೃಶ್ಯವನ್ನೇ ನೋಡಿ. ನಾಯಿಗೂ ಆಡುವ ಆಸೆ. ಇಬ್ಬರ ನಡುವೆ ಆ ಮುಚ್ಚಳ ಓಡಾಡುವಷ್ಟು ಹೊತ್ತು ಹೆದರಿಕೆ ಮರೆತಿರುತ್ತದೆ, ಹೋಗಿರುವುದಿಲ್ಲ. ಗೆಳೆತನ ಮಾಡಿಕೊಳ್ಳುವುದು ತನಗೆ ಕಷ್ಟವಾಗಿತ್ತೆಂದೂ ಆ ಅನುಭವವೇ ಈ ಮರಿಯಲ್ಲಿ ಬಂದಿದೆಯೆಂದೂ ಸಲಿವನ್ ಹೇಳಿಕೊಂಡಿದ್ದಾರೆ. ಅದು ನಿಜವೆಂದು ಪ್ರತಿ ಚಲನೆಯೂ ಸಾಕ್ಷಿ ಹೇಳುತ್ತದೆ.

ಕಂಪ್ಯೂಟರಿನಲ್ಲಿ ರೂಪಿಸಿದ ಮೂರು ಆಯಾಮದ ಚಿತ್ರಗಳಿಗೆ ಹೆಸರಾದ ಪಿಕ್ಸಾರ್, ‘ಸ್ಪಾರ್ಕ್‌ಶಾರ್ಟ್ಸ್’ ಯೋಜನೆಯಡಿ ತನ್ನ ಕಲಾವಿದರಿಗೆ ಆರು ತಿಂಗಳ ಅವಧಿಯನ್ನೂ ಸಣ್ಣ ಬಜೆಟ್ಟನ್ನೂ ಕೊಟ್ಟು ಕಿರುಚಿತ್ರ ಮಾಡಲು ಬಿಡುತ್ತದೆ. ಆ ಯೋಜನೆಯಡಿ ಈ ಚಿತ್ರ ಮಾಡಿದ ಸಲಿವನ್ ಆರಿಸಿಕೊಂಡದ್ದು ಕೈಯಿಂದ ಬಿಡಿಸುವ ಎರಡು ಆಯಾಮದ ಶೈಲಿ. ಈ ಕಥೆಗೆ ಅದೇ ಸರಿ. ಒಂದೊಂದು ರೋಮವನ್ನೂ ಮಿನುಗಿಸಿ ತೋರಿಸಿದ್ದರೆ ಮರಿ ಮುದ್ದಿನ ಗೊಂಬೆಯಾಗುತ್ತಿತ್ತು. ರೇಖೆಯ ಒರಟುತನ ಅದನ್ನು ಬೀದಿಯ ಜೀವವಾಗಿಯೇ ಉಳಿಸಿದೆ.

ನಾಯಿಯನ್ನು ಕಾದಾಟಕ್ಕೆಂದು ಒಳಗೆ ಎಳೆದೊಯ್ಯುವ ಭಾಗದಲ್ಲಿ ನಿರ್ದೇಶಕಿಯ ವಿವೇಕ ಕಾಣುತ್ತದೆ. ಬಾಗಿಲಾಚೆ ನಡೆಯುವುದನ್ನು ನಾವು ನೋಡುವುದಿಲ್ಲ. ಗಾಯಗೊಂಡ ನಾಯಿಯನ್ನು ಮಳೆಯಲ್ಲಿ ಹೊರಗೆ ತಳ್ಳಿದಾಗ ಮಾತ್ರ ತಿಳಿಯುತ್ತದೆ. ಇದಾದ ಮೇಲೂ ಮರಿಯ ಮನಸ್ಸು ಒಮ್ಮೆಲೇ ಕರಗುವುದಿಲ್ಲ. ಪ್ಲಾಸ್ಟಿಕ್ ಉಂಗುರಗಳಲ್ಲಿ ಸಿಕ್ಕಿಕೊಂಡು ಒದ್ದಾಡುವಾಗ, ಬಿಡಿಸಲು ಬಂದ ನಾಯಿಯನ್ನೇ ಅದು ಪರಚಿಬಿಡುತ್ತದೆ. ನೋವು ತಿಂದ ನಾಯಿಗೆ ಮತ್ತೊಂದು ಗಾಯ. ನನ್ನ ಮಟ್ಟಿಗೆ ಇಡೀ ಚಿತ್ರದ ಅತ್ಯಂತ ಪ್ರಾಮಾಣಿಕ ಗಳಿಗೆ ಇದು.

ಪಿಟ್‌ಬುಲ್ ಎಂದರೆ ಕಚ್ಚುವ ನಾಯಿ ಎಂಬ ಮಾತು ನಮ್ಮಲ್ಲೂ ಇದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್ ಸೇರಿದಂತೆ 23 ತಳಿಗಳ ಮಾರಾಟ, ಸಾಕಣೆಗೆ ತಡೆ ಹಾಕುವಂತೆ ಸುತ್ತೋಲೆ ಹೊರಡಿಸಿತು; ಸಂಬಂಧಪಟ್ಟವರ ಅಭಿಪ್ರಾಯ ಕೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಕಾನೂನಿನ ಆ ವಾದಕ್ಕೆ ಈ ಚಿತ್ರ ಉತ್ತರವಲ್ಲ. ಆದರೆ ನಾಯಿಯನ್ನು ಕಾದಾಡಿಸುವ ಕೈ ಯಾರದು ಎಂದು ಅದು ನೇರವಾಗಿ ತೋರಿಸುತ್ತದೆ.

ಚಿತ್ರ ಸೋಲುವುದು ಕೊನೆಯಲ್ಲಿ. ನಾಯಿಯನ್ನು ನಂಬಲು ಮರಿಗೆ ಅಷ್ಟೊಂದು ಸಮಯ ಕೊಟ್ಟ ಸಲಿವನ್, ಮನುಷ್ಯರನ್ನು ನಂಬಲು ಕೆಲವೇ ಕ್ಷಣ ಕೊಡುತ್ತಾರೆ. ಹಿತ್ತಲಿಂದ ತಪ್ಪಿಸಿಕೊಂಡ ಜೋಡಿಗೆ ಒಳ್ಳೆಯ ದಂಪತಿ ಸಿಗುತ್ತಾರೆ, ಮನೆ ಸಿಗುತ್ತದೆ. ಆ ಮನೆ ಸಿಗಲಿ ಎಂದು ನಮಗೂ ಆಸೆಯೇ; ಅಷ್ಟು ಹೊತ್ತು ಮನುಷ್ಯರ ಕ್ರೌರ್ಯ ಕಂಡ ಮೇಲೆ ಅದಕ್ಕೆ ಇನ್ನೊಂದು ನಿಮಿಷವಾದರೂ ಬೇಕಿತ್ತು. ಕಾದಾಡಿಸಿದವರ ಕಥೆಯನ್ನೂ ಚಿತ್ರ ಅಲ್ಲಿಗೇ ಕೈಬಿಡುತ್ತದೆ.

2020ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿದ್ದ ‘ಕಿಟ್‌ಬುಲ್’ಗೆ ಪ್ರಶಸ್ತಿ ಬರಲಿಲ್ಲ, ಅದು ‘ಹೇರ್ ಲವ್’ ಚಿತ್ರದ ಪಾಲಾಯಿತು. ಪಿಕ್ಸಾರ್ ಇದನ್ನು ಯೂಟ್ಯೂಬ್‌ನಲ್ಲಿ ಉಚಿತವಾಗಿ ಬಿಡುಗಡೆ ಮಾಡಿದೆ. ಮಕ್ಕಳಿಗೆ ತಪ್ಪದೆ ತೋರಿಸಿ, ಗಾಯದ ದೃಶ್ಯ ಬರುವಾಗ ಪಕ್ಕದಲ್ಲಿ ಕೂತಿರಿ.