ಗೆರೆಯ ಆಚೆಗೆ ಉಳಿದವರು

2021ರ ಮಾರ್ಚ್ 22ಕ್ಕೆ ಅಸ್ಟ್ರಾಜೆನೆಕಾ ತನ್ನ ಲಸಿಕೆ ಶೇ. 79ರಷ್ಟು ಪರಿಣಾಮಕಾರಿ ಅಂತ ಘೋಷಿಸಿತು. ಮರುದಿನವೇ ಅಮೆರಿಕದಿಂದ ಆಕ್ಷೇಪ ಬಂತು: ಟ್ರಯಲ್ ಮೇಲೆ ಕಣ್ಣಿಟ್ಟಿದ್ದ ಸ್ವತಂತ್ರ ಸಮಿತಿಯ ಪ್ರಕಾರ ಇದು ಹಳೇ ಲೆಕ್ಕ. 25ಕ್ಕೆ ಅದು 76 ಆಯ್ತು. ನಾವು ಕೋವಿಶೀಲ್ಡ್ ಅಂತ ಹಾಕಿಸಿಕೊಂಡದ್ದು ಇದೇ ಲಸಿಕೆ. ಅದರ ಭಾರತದ ಟ್ರಯಲ್‌ಗೆ ಮೈಸೂರಿನ ಜೆಎಸ್‌ಎಸ್ ಕೂಡ ಒಂದು ಕೇಂದ್ರವಾಗಿತ್ತು.

ಹೆಬ್ಬಾಳದ ಆಫೀಸಲ್ಲಿ ಕೂತು ದಿನವಿಡೀ ಡ್ಯಾಶ್‌ಬೋರ್ಡ್ ನೋಡೋ ನಮ್ಮಂಥವರಿಗೆ ಮೂರು ಪರ್ಸೆಂಟ್ ಏನು ಮಹಾ ಅನ್ನಿಸುತ್ತೆ. ತಕರಾರು ಇದ್ದದ್ದು ಗೆರೆಯ ಬಗ್ಗೆ. ಫೆಬ್ರವರಿ 17ಕ್ಕೆ ಗೆರೆ ಎಳೆದು 141 ಕೇಸ್ ಎಣಿಸಿದ್ದರು. ಆಮೇಲೆ ಬಂದವು ಸೇರಿ 190 ಆಯ್ತು. ಆಗಲೂ ಇನ್ನೂ 14 ಕೇಸ್ ಹೌದೋ ಅಲ್ಲವೋ ಅಂತ ತೀರ್ಮಾನವಾಗಿರಲಿಲ್ಲ.

ನಡುನಡುವೆ ಇಣುಕಿ ನೋಡಿ, ಫಲಿತಾಂಶ ಸ್ಪಷ್ಟವಾದರೆ ಬೇಗ ನಿಲ್ಲಿಸೋ ಟ್ರಯಲ್‌ಗಳಿಗೆಲ್ಲ ಇದೇ ಗೋಳು. ನೂರು ಜನರನ್ನ ಸೇರಿಸಿಕೊಂಡಿದ್ದೀರಿ, ಎಪ್ಪತ್ತು ಜನರ ಫಲಿತಾಂಶ ಕೈಲಿದೆ, ಮದ್ದು ಗೆದ್ದಿದೆ. ನಿಲ್ಲಿಸಿದಿರಿ. ಉಳಿದ ಮೂವತ್ತು ಜನರ ಫಲಿತಾಂಶ ಆಮೇಲೂ ಬರುತ್ತಲ್ಲ? ಅದು ಸೇರಿದಾಗ ಗೆಲುವು ಮಸುಕಾದರೆ? 1992ರಲ್ಲಿ ಜಾನ್ ವೈಟ್‌ಹೆಡ್ ಈ ಸಮಸ್ಯೆಯನ್ನ ನೇರವಾಗಿ ಎತ್ತಿಕೊಂಡರು. 2013ರಲ್ಲಿ ಲೀಸಾ ಹ್ಯಾಂಪ್ಸನ್ ಮತ್ತು ಕ್ರಿಸ್ಟೋಫರ್ ಜೆನಿಸನ್ ನನಗೆ ಮೆಚ್ಚುಗೆಯಾದ ದಾರಿ ತೋರಿಸಿದರು. ಹೊಸಬರನ್ನ ಸೇರಿಸೋದು ನಿಲ್ಲಿಸೋ ನಿರ್ಧಾರ ಬೇರೆ, ಮದ್ದು ಕೆಲಸ ಮಾಡುತ್ತೆ ಅನ್ನೋ ತೀರ್ಪು ಬೇರೆ. ಮೊದಲು ಬಾಗಿಲು ಹಾಕಿ, ಒಳಗಿರೋ ಎಲ್ಲರ ಫಲಿತಾಂಶಕ್ಕೆ ಕಾಯಿರಿ, ಆಮೇಲೆ ತೀರ್ಪು. ಆ ತೀರ್ಪಿನ ಮಿತಿಯನ್ನೂ ಟ್ರಯಲ್ ಶುರುವಾಗೋ ಮುಂಚೆಯೇ ಬರೆದಿಡಬೇಕು. ಇಲ್ಲದಿದ್ದರೆ ಅಂಕಿ ನೋಡಿಕೊಂಡು ಗೋಲ್‌ಪೋಸ್ಟ್ ಸರಿಸಿದ ಹಾಗೆ.

ಮೆಚ್ಚಿದೆ, ಆದರೆ ಪೂರ್ತಿ ಒಪ್ಪಿಲ್ಲ. ತಡ ಜಾಸ್ತಿಯಾದಷ್ಟೂ ಬೇಗ ನಿಲ್ಲಿಸೋದರ ಲಾಭ ಕರಗುತ್ತೆ; ಇದನ್ನ ಅವರೇ ಲೆಕ್ಕ ಹಾಕಿ ತೋರಿಸಿದ್ದಾರೆ. ಮೊದಲೇ ಸಿಗೋ ಸಣ್ಣ ಸೂಚನೆಗಳನ್ನ ಬಳಸಿ ಒಂದಿಷ್ಟು ವಾಪಸ್ ಪಡೀಬಹುದು ಅಂತಾನೂ ಹೇಳ್ತಾರೆ. ನನ್ನ ಅನುಮಾನ ಬೇರೆ ಕಡೆ. ಈ ವಿಧಾನಕ್ಕೆ ತಡ ಅಂದ್ರೆ ಬರೀ ಸಮಯ. ಆರು ತಿಂಗಳಿಗೆ ಬರಬೇಕಾದ್ದು ಆರು ತಿಂಗಳಿಗೆ ಬರುತ್ತೆ, ಎಲ್ಲರದ್ದೂ. ಆದರೆ ಮೈಸೂರಿನ ಆಸ್ಪತ್ರೆಗೆ ಹೆಗ್ಗಡದೇವನಕೋಟೆಯಿಂದ ಬಸ್ ಹತ್ತಿ ಬರಬೇಕಾದವರು ಕೂಲಿ ಬಿಟ್ಟು ಹೇಳಿದ ದಿನವೇ ಬರ್ತಾರಾ? ಮೈ ಹುಷಾರಿಲ್ಲದೇ ತಡ ಮಾಡೋರೂ ಇರ್ತಾರೆ, ಹುಷಾರಾದೆ ಅಂತ ಬರದೇ ಇರೋರೂ ಇರ್ತಾರೆ. ತಡವಾಗಿ ಬಂದ ಅಂಕಿಗೂ ಬೇಗ ಬಂದ ಅಂಕಿಗೂ ಆಗ ಹೋಲಿಕೆಯೇ ಇರಲ್ಲ. ಮಿತಿಯನ್ನ ಎಷ್ಟೇ ಚೆನ್ನಾಗಿ ಲೆಕ್ಕ ಹಾಕಿದ್ರೂ ಅದನ್ನ ಸರಿಮಾಡೋಕಾಗಲ್ಲ. ಯಾರು ಯಾಕೆ ತಡ ಮಾಡಿದರು ಅಂತ ಫೋನ್ ಹಚ್ಚಿ ಕೇಳಿ ಬರೆದಿಡೋ ಫೀಲ್ಡ್ ಸಿಬ್ಬಂದಿ ಬೇಕು. ಟ್ರಯಲ್ ಬಜೆಟ್‌ನಲ್ಲಿ ಆ ಸಾಲನ್ನ ಹುಡುಕಿ ನೋಡಿ.

ಅಂದ ಹಾಗೆ, ಆ ಅಮೆರಿಕದ ಟ್ರಯಲ್‌ನ ಪ್ರಬಂಧ ಅದೇ ಸೆಪ್ಟೆಂಬರ್‌ನಲ್ಲಿ ಪ್ರಕಟವಾದಾಗ ಕೇಸ್ 203, ಶೇಕಡಾವಾರು 74.